ಧಾರವಾಡ ದಾಟಿದ ಮೇಲೆ ಕರಗಿದ ಡಿಸ್ಕ್

ಹಳಿಯಾಳದ ಆ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ನಾನು ಕಂಪ್ಯೂಟರ್ ಕಲಿಸಲು ಸೇರಿದಾಗ ಅಲ್ಲಿ ಹದಿನಾಲ್ಕು ಟೈಪ್‌ರೈಟರುಗಳೂ ಮೂರು ಕಂಪ್ಯೂಟರುಗಳೂ ಇದ್ದವು. ಎಲ್ಲವೂ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಸರ್ ಅವರವೇ. ಆದರೆ ಟೈಪ್‌ರೈಟರುಗಳನ್ನು ಅವರು ‘ನಮ್ಮವು’ ಎನ್ನುತ್ತಿದ್ದರು, ಕಂಪ್ಯೂಟರುಗಳನ್ನು ‘ನಿಮ್ಮವು’ ಎನ್ನುತ್ತಿದ್ದರು. “ಬಾಯಾರ, ನಿಮ್ಮದೊಂದರ ಪರದೆ ಮತ್ತ ನೀಲಿ ಆಗೇತಿ, ಬಂದ್ ನೋಡ್ರಿ” ಎಂದು ಬಾಗಿಲಲ್ಲೇ ನಿಂತು ಹೇಳಿ, ಒಳಗೆ ಕಾಲಿಡದೆ ಹೋಗಿಬಿಡುತ್ತಿದ್ದರು. ಆ ಕಡೆ ಟೀಚರಮ್ಮನನ್ನು ‘ಬಾಯಾರ’ ಎಂದು ಕರೆಯುವುದು ರೂಢಿ.

ಸರ್ ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಕಾಗದ ಎಂದರೆ ಮೊದಲಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಗಟ್ಟಿಯಾಗಿ ಓದಬೇಕು ಎಂಬುದು ಅವರ ಪದ್ಧತಿ. ಬಸ್ ಟಿಕೆಟ್ಟಿನ ಹಿಂದೆ ಏನಾದರೂ ಅಚ್ಚಾಗಿದ್ದರೆ ಅದನ್ನೂ ಓದುತ್ತಿದ್ದರು. ಮನೆಮಾತು ಮರಾಠಿ. ನಮ್ಮೊಂದಿಗೆ ಅಪ್ಪಟ ಹಳಿಯಾಳದ ಕನ್ನಡ, ಲೆಕ್ಕಕ್ಕೆ ಕೂತರೆ ಮಾತ್ರ ತುಟಿಯಲ್ಲಿ ‘ಏಕ್, ದೋನ್, ತೀನ್’ ಶುರುವಾಗುತ್ತಿತ್ತು.

ನಾನು ದಿನಾ ಕೋಗಿಲಬನದಿಂದ ದಾಂಡೇಲಿಗೆ ಬಂದು, ಅಲ್ಲಿಂದ ಹಳಿಯಾಳದ ಬಸ್ಸು ಹಿಡಿಯುತ್ತಿದ್ದೆ. ದಾಂಡೇಲಿಯಲ್ಲಿ ಆರು ತಿಂಗಳ ಕೋರ್ಸ್ ಮಾಡಿ, ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಹಾಕಿಸಿದ್ದೆ. ಆ ಪ್ಲಾಸ್ಟಿಕ್ ಹಾಳೆ ಕೈಗೆ ಬಂದ ಮೇಲೆ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಬಹಳ ಕಷ್ಟವಾಗಿತ್ತು. ಗೊತ್ತಿಲ್ಲದ್ದು ಎದುರಾದಾಗ ಹೇಳಲು ಒಂದು ಮಾತು ಕಲಿತಿಟ್ಟುಕೊಂಡಿದ್ದೆ: “ಕಂಪ್ಯಾಟಿಬಿಲಿಟಿ ಪ್ರಾಬ್ಲಮ್ ಸರ್.” ಸರ್ ಅದನ್ನು ಕೇಳಿ ಗಂಭೀರವಾಗಿ ತಲೆ ಆಡಿಸುತ್ತಿದ್ದರು. ಅವರಿಗೆ ಅರ್ಥವಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಫೆಬ್ರವರಿ ತಿಂಗಳು. ಹುಡುಗ ಹುಡುಗಿಯರ ಪರೀಕ್ಷೆಗೆ ಹತ್ತು ದಿನ ಉಳಿದಿದೆ ಎನ್ನುವಾಗ ಪ್ರಿಂಟರ್ ಜೋಡಿಸಿದ್ದ ಕಂಪ್ಯೂಟರಿನ ಒಳಗಿನಿಂದ ‘ಕಟ್ ಕಟ್’ ಎಂದು ಸದ್ದು ಬರತೊಡಗಿತು. ಪರದೆ ಕಪ್ಪಾಗಿ ಹಾಗೇ ನಿಂತಿತು. ನಾನು ನನ್ನ ಮಾತನ್ನು ಹೇಳುವ ಮೊದಲೇ ಸರ್ ಮೆಟ್ಟಿಲ ಬಳಿ ಹೋಗಿ ಕೆಳಗೆ ಕೂಗಿದರು. ಕೆಳಗೆ ಚಾಚಾ ಅವರ ಸ್ಕೂಟರ್ ಗ್ಯಾರೇಜು. ಊರಿನ ಯಾವ ಯಂತ್ರ ಸದ್ದು ಮಾಡಿದರೂ ಸರ್ ಅವರಿಗೆ ನೆನಪಾಗುತ್ತಿದ್ದುದು ಚಾಚಾ ಒಬ್ಬರೇ.

ಚಾಚಾ ಕೈ ಒರೆಸಿಕೊಳ್ಳುತ್ತ ಬಂದರು. ನಾನು ಡಬ್ಬ ಬಿಚ್ಚಿ ತೋರಿಸಿದ, ಎಲ್ಲ ಮಾಹಿತಿ ಕೂಡಿಡುವ ಹಾರ್ಡ್ ಡಿಸ್ಕಿನ ಬೆನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಟ್ಟು, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಆಲಿಸಿದರು.

“ಬೇರಿಂಗ್ ಹೋಗೇತಿ, ಬೇಟಿ. ಇದನ್ನ ತಗದ್ ಒಗೀರಿ.”

ನನ್ನ ಆರು ತಿಂಗಳ ಕೋರ್ಸಿನಲ್ಲಿ ಇಷ್ಟು ಚೊಕ್ಕವಾಗಿ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಮರುದಿನ ಸರ್ ಒಬ್ಬರೇ ಹುಬ್ಬಳ್ಳಿಗೆ ಹೋಗಿ ಹೊಸ ಡಿಸ್ಕ್ ತಂದರು. ಸತ್ತದ್ದು ನಾಲ್ಕು ಜಿಬಿಯದು. ಅಂಥದ್ದೇ ಕೊಡಿ ಎಂದು ಕೇಳಿದರಂತೆ. ಅಷ್ಟು ಚಿಕ್ಕವು ಈಗ ಬರುವುದೇ ಇಲ್ಲ ಎಂದು ಅಂಗಡಿಯವನು ಎಂಬತ್ತು ಜಿಬಿಯದನ್ನು ಮುಂದಿಟ್ಟನಂತೆ. “ಎಂಬತ್ತು! ಹಳೇವು ಇಪ್ಪತ್ತು ಕೂಡಸಬೇಕು ಇದಕ್ಕ ಸಮ ಆಗಾಕ” ಎಂದು ಸರ್ ನನಗೂ ಹೇಳಿದರು, ಚಾಚಾ ಅವರಿಗೂ ಹೇಳಿದರು. ಬರುವಾಗ ಬಸ್ಸಿನ ಕಂಡಕ್ಟರಿಗೂ ಹೇಳಿದ್ದರೆಂದು ಆಮೇಲೆ ತಿಳಿಯಿತು.

ಆಗ ನಾವೆಲ್ಲ ‘ನೈಂಟಿಯೇಟ್’ ಎಂದು ಕರೆಯುತ್ತಿದ್ದ ಆಪರೇಟಿಂಗ್ ಸಿಸ್ಟಂ ಹಾಕಬೇಕಾದರೆ ಮೊದಲು ಫ್ಲಾಪಿಯಿಂದ ಯಂತ್ರ ಚಾಲೂ ಮಾಡಿ, ‘ಎಫ್‌ಡಿಸ್ಕ್’ ಎಂಬ ಪ್ರೋಗ್ರಾಮಿನಲ್ಲಿ ಹೊಸ ಡಿಸ್ಕಿನ ಜಾಗವನ್ನು ಗುರುತು ಮಾಡಿಕೊಡಬೇಕಿತ್ತು. ಆ ಗುರುತು ಮಾಡಿದ ಜಾಗಕ್ಕೇ ಪಾರ್ಟಿಶನ್ ಎನ್ನುವುದು. ಸರ್ ಅಂದು ಅಪರೂಪಕ್ಕೆ ಒಳಗೆ ಬಂದು ನನ್ನ ಹಿಂದೆ ನಿಂತಿದ್ದರು. ಪರದೆಯಲ್ಲಿ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತ ಹೋದರು. ಡಿಸ್ಕಿನ ಒಟ್ಟು ಜಾಗ ಎಷ್ಟು ಎನ್ನುವ ಸಾಲಿಗೆ ಬಂದಾಗ ಬೆರಳನ್ನು ಪರದೆಗೆ ಹಚ್ಚಿ ಎರಡು ಸಲ ಓದಿದರು.

“ಹತ್ತು ಸಾವಿರದ ಏಳನೂರಾ ಎಂಬತ್ಮೂರು ಎಂಬಿ. ಅಂದ್ರ ಎಷ್ಟಾತು ಬಾಯಾರ?”

“ಹತ್ತು ಜಿಬಿ ಮ್ಯಾಲ ಒಂದೀಟು ಸರ್.”

“ಎಂಬತ್ತರಾಗ ಹತ್ತು?”

ನಾನು ಒಪ್ಪಿಗೆಯ ‘ವೈ’ ಒತ್ತಿ ಮುಂದೆ ಹೋಗಿ ನೋಡೋಣವೆಂದು ಬೆರಳು ಎತ್ತಿದೆ. ಸರ್ ನನ್ನ ಕೈಯನ್ನೇ ಹಿಡಿದುಕೊಂಡರು. ಬಾಯಾರ ಎನ್ನುವುದು ಮರೆತೇ ಹೋಗಿತ್ತು.

“ಮುಟ್ಟಬ್ಯಾಡ ತಂಗೀ! ಒಂದ್ಸಲ ಹತ್ತು ಅಂತ ನಾವ ಒಪ್ಪಿಕೊಂಡ್ವಿ ಅಂದ್ರ ಮುಗೀತು. ನಾಳೆ ಅವನ ಮುಂದ ಏನಂತ ಹೇಳೂದು?”

ಅದು ಕೋರ್ಟಿನ ಬುದ್ಧಿ. ಒಪ್ಪಿಗೆ ಕೊಡುವ ಮೊದಲು ಯೋಚಿಸಬೇಕು. ಆದರೂ ನಾನು ಸುಮ್ಮನಿರದೆ ವೈರ್ ಬಿಚ್ಚಿ ಮತ್ತೆ ಸಿಕ್ಕಿಸಿದೆ, ಬೇರೆ ವೈರ್ ಹಾಕಿದೆ, ಡಿಸ್ಕಿನ ಹಿಂದಿದ್ದ ಚಿಕ್ಕ ಪಿನ್ನಿನ ಮುಚ್ಚಳವನ್ನು ಅತ್ತ ಇತ್ತ ಬದಲಿಸಿದೆ, ಫ್ಲಾಪಿಯಲ್ಲಿ ವೈರಸ್ ಇರಬಹುದೆಂದು ಇನ್ನೊಂದು ಫ್ಲಾಪಿ ಮಾಡಿದೆ. ಎಲ್ಲ ಆದ ಮೇಲೂ ಹತ್ತು ಸಾವಿರದ ಏಳುನೂರಾ ಎಂಬತ್ಮೂರು. ಕೊನೆಗೆ ಗಂಟಲು ಸರಿಮಾಡಿಕೊಂಡು “ಕಂಪ್ಯಾಟಿಬಿಲಿಟಿ ಪ್ರಾಬ್ಲಮ್ ಸರ್” ಎಂದೆ. ಈ ಸಲ ಸರ್ ತಲೆ ಆಡಿಸಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಹುಬ್ಬಳ್ಳಿಗೆ ಹೊರಟೆವು. ಡಿಸ್ಕನ್ನು ಸರ್ ತಮ್ಮ ಹೆಂಡತಿ ಒಗೆದು ಮಡಿಚಿ ಕೊಟ್ಟ ಟವೆಲ್ಲಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿಟ್ಟು, ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು ಕೂತಿದ್ದರು. ಪಕ್ಕದಲ್ಲಿದ್ದ ಹೆಂಗಸು “ಬಳಿ ಏನ್ರೀ ಅಣ್ಣಾರ? ಒಡದಾವು, ಜ್ವಾಕಿ” ಎಂದಳು.

ಅಂಗಡಿಯವನು ತೀರ ಚಿಕ್ಕ ವಯಸ್ಸಿನವನು. ಸರ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ, ನಡುವೆ ಬಾಯಿ ಹಾಕಲಿಲ್ಲ. ಡಿಸ್ಕನ್ನು ತನ್ನ ಯಂತ್ರಕ್ಕೆ ಜೋಡಿಸಿ, ಹೊಸ ಆಪರೇಟಿಂಗ್ ಸಿಸ್ಟಮ್ಮಿನ ಸಿಡಿ ಹಾಕಿ ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಎಪ್ಪತ್ತಾರು ಸಾವಿರದ ಮುನ್ನೂರಾ ಹತ್ತೊಂಬತ್ತು ಎಂಬಿ ಎಂದು ಬಂದಿತ್ತು. ಸರ್ ಕಿಸೆಯ ಡೈರಿ ತೆಗೆದು ಆ ಸಂಖ್ಯೆಯನ್ನು ಬರೆದುಕೊಂಡರು.

“ಡಿಸ್ಕ್ ಛಲೋ ಐತ್ರಿ ಅಜ್ಜಾರ. ನಿಮ್ಮ ಮಷಿನ್ನ ಹಳೇದು. ಈ ಹೊಸಾ ಸಿಸ್ಟಂ ಹಾಕ್ರಿ, ಅದಕ್ಕ ಹೊಸಾ ಮಷಿನ್ ಒಂದು ತಗೋರಿ.”

ಸರ್ ಅವರಿಗೆ ಸಿಟ್ಟು ಬರಲು ‘ಅಜ್ಜಾರ’ ಎಂದದ್ದೇ ಸಾಕಾಗಿತ್ತು. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಆದರೂ ಡಿಸ್ಕು ಸರಿಯಿದೆ ಎಂದು ದಾರಿಯುದ್ದಕ್ಕೂ ಅವರ ಮುಖ ಹಗುರವಾಗಿತ್ತು. ಧಾರವಾಡದಲ್ಲಿ ಬಸ್ಸು ನಿಂತಾಗ ನನಗೆ ಫೇಡೆ ಕೊಡಿಸಿದರು.

ಹಳಿಯಾಳಕ್ಕೆ ಬಂದು ಜೋಡಿಸಿದೆವು. ಹತ್ತು ಸಾವಿರದ ಏಳುನೂರಾ ಎಂಬತ್ಮೂರು.

ಸರ್ ಕುರ್ಚಿಯಲ್ಲಿ ಕೂತು ಖಾಲಿ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: “ಧಾರವಾಡ ದಾಟಿದ ಮ್ಯಾಲ ರಸ್ತಾದ ಒಂದ ಹಂಪಿನ್ಯಾಗ ಬಸ್ ಎತ್ತಿ ಒಗೀತಲ್ಲ, ನಿಮಗ ನೆನಪೈತೇನು? ನನ್ನ ಕೈಯಾಗ ಇದು ಒಳಗ ಅಲ್ಲಾಡಿದ್ದು ಗೊತ್ತಾತು. ಅಲ್ಲೇ ಆಗೇತಿ ಇದು.”

ಹಂಪ್ ಹಾರಿದ್ದಕ್ಕೆ ಅರವತ್ತೈದು ಜಿಬಿ ಉದುರಿಹೋಗಲು ಅದೇನು ಚುರುಮುರಿಯೇ ಎಂದು ನಗು ಬಂತು. ಆದರೆ ಒಪ್ಪಿಕೊಳ್ಳುತ್ತೇನೆ, ನಗುವುದಕ್ಕೆ ಮೊದಲು ಒಂದು ಗಳಿಗೆ ನಾನೂ ಆ ಹಂಪನ್ನು ನೆನಪಿಸಿಕೊಂಡಿದ್ದೆ.

“ಸರ್, ನಿನ್ನೆ ಬಂದಿದ್ದೂ ಇದ ನಂಬರ, ಇವತ್ತ ಬಂದಿದ್ದೂ ಇದ ನಂಬರ. ಎರಡೂ ಸಲ ಬರೋಬ್ಬರಿ ಅಷ್ಟ ಉದುರಸಾಕ ಆ ರಸ್ತಾಕ್ಕ ಲೆಕ್ಕ ಬರ್ತೈತೇನ್ರಿ?”

ಹಾಗೆ ಕೇಳಿದ ಮೇಲೆ ನನಗೇ ಅದು ಕೊರೆಯತೊಡಗಿತು. ಯಾಕೆ ಅಷ್ಟೇ? ಸರ್ ಅವರ ಡೈರಿ ಈಸಿಕೊಂಡು, ಪಕ್ಕದ ಕಂಪ್ಯೂಟರಿನಲ್ಲಿ ಸ್ಪ್ರೆಡ್‌ಶೀಟ್ ತೆರೆದು, ಹುಬ್ಬಳ್ಳಿಯ ಸಂಖ್ಯೆಯಿಂದ ಹಳಿಯಾಳದ ಸಂಖ್ಯೆಯನ್ನು ಕಳೆದೆ. ಅರವತ್ತೈದು ಸಾವಿರದ ಐನೂರಾ ಮೂವತ್ತಾರು ಎಂದು ಬಂತು.

ಈ ಸಂಖ್ಯೆಯನ್ನು ನಾನು ಎಲ್ಲೋ ನೋಡಿದ್ದೆ. ಫೋನ್ ನಂಬರೂ ಅಲ್ಲ, ರೋಲ್ ನಂಬರೂ ಅಲ್ಲ. ಹಾಗೆ ಪರದೆಯನ್ನು ನೋಡುತ್ತ ಕೂತಾಗ ನೆನಪಾಯಿತು. ಹಿಂದಿನ ತಿಂಗಳು ಜೋಯಿಡಾದಿಂದ ಬರುತ್ತಿದ್ದ ಒಬ್ಬ ಹುಡುಗಿ, ಈ ಸ್ಪ್ರೆಡ್‌ಶೀಟಿನ ಸಾಲುಗಳು ಎಲ್ಲಿಗೆ ಮುಗಿಯುತ್ತವೆ ಟೀಚರ್ ಎಂದು ಕೇಳಿದ್ದಳು. ಮುಗಿಯುವುದಿಲ್ಲ ಎಂದು ನಾನು ಎಂದಿನ ಧೈರ್ಯದಿಂದ ಹೇಳಿದ್ದೆ. ಅವಳು ನಂಬದೆ ಕೆಳಗಿನ ಬಾಣದ ಗುಂಡಿ ಒತ್ತಿ ಹಿಡಿದು ಒಂದು ತಾಸು ಕೂತು, ಕೊನೆಯ ಸಾಲು ಮುಟ್ಟಿ, ಇಡೀ ಕ್ಲಾಸನ್ನು ಕರೆದು ತೋರಿಸಿದ್ದಳು. ಆ ಕೊನೆಯ ಸಾಲಿನ ನಂಬರು ಇದೇ.

ಅಷ್ಟರಲ್ಲಿ ಚಾಚಾ ಚಹಾದ ಹೊತ್ತಿಗೆ ಮೇಲೆ ಬಂದರು. ಏನಾಯಿತು ಎಂದು ಕೇಳಿದರು. ನಾನು ಎರಡೂ ಸಂಖ್ಯೆ ತೋರಿಸಿ, ನಡುವಿನ ಅಂತರ ತೋರಿಸಿ, ಸ್ಪ್ರೆಡ್‌ಶೀಟಿನ ಕೊನೆಯ ಸಾಲಿನ ಕತೆಯನ್ನೂ ಹೇಳಿದೆ. ಚಾಚಾ ಸಾಸರಿಗೆ ಚಹಾ ಸುರುವಿಕೊಂಡು ಊದುತ್ತ ಕೇಳಿದರು.

“ಸ್ಕೂಟರಿನ ಮೀಟರ್ ನೋಡಿಯೇನು ಬೇಟಿ? ಹಳೇ ಗಾಡ್ಯಾಗ ಅಂಕಿಗೆ ಐದ ಮನಿ ಇರ್ತಾವು. ತೊಂಬತ್ತೊಂಬತ್ತು ಸಾವಿರ ಚಿಲ್ಲರ ಆಗಿ ತುಂಬಿತು ಅಂದ್ರ, ಎಲ್ಲಾ ತಿರಗಿ ಸೊನ್ನಿ. ಮತ್ತ ಒಂದರಿಂದ ಚಾಲೂ. ನನ್ನ ಹತ್ರ ಬರ್ತಾರ ಮಂದಿ, ಚಾಚಾ ಗಾಡಿ ಹತ್ತ ಸಾವಿರ ಅಷ್ಟ ಓಡೇತಿ ಅಂತಾರ. ಎಂಜಿನ್ ಬಿಚ್ಚಿದರ ಎಲ್ಲಾ ಗೊತ್ತಾಗ್ತದ. ನಿಮ್ಮ ಮೀಟರೂ ಹಂಗ ತಿರಗಿರಬೇಕು ನೋಡ್ರಿ.”

ನನ್ನ ಕೈಯಲ್ಲಿದ್ದ ಲೋಟ ಕೈಯಲ್ಲೇ ಉಳಿಯಿತು. ಎಫ್‌ಡಿಸ್ಕ್ ಬರೆದ ಕಾಲದಲ್ಲಿ ಇಷ್ಟು ದೊಡ್ಡ ಡಿಸ್ಕ್ ಬಂದೀತೆಂದು ಯಾರೂ ಎಣಿಸಿರಲಿಕ್ಕಿಲ್ಲ. ಸ್ಪ್ರೆಡ್‌ಶೀಟಿನ ಸಾಲುಗಳ ಹಾಗೆ ಅದರ ಎಣಿಕೆಯ ಮನೆಗಳೂ ಅರವತ್ತೈದು ಸಾವಿರ ಚಿಲ್ಲರೆಗೆ ತುಂಬಿ, ಮತ್ತೆ ಸೊನ್ನೆಯಿಂದ ಎಣಿಸಲು ಶುರುಮಾಡಿ, ಹತ್ತು ಸಾವಿರಕ್ಕೆ ಬಂದು ನಿಂತಿತ್ತು. ಡಿಸ್ಕು ಇಡಿಯಾಗಿಯೇ ಇತ್ತು.

ಸರ್ ಅವರಿಗೆ ಇದನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ.

“ಅಂದ್ರ ಇದು ಸುಳ್ಳ ಹೇಳಾಕತ್ತೈತಿ ಅಂತೀರೇನು?”

“ಸುಳ್ಳಲ್ರಿ ಸರ್. ಅದಕ್ಕ ಅಷ್ಟ ಮುಂದ ಎಣಿಸಾಕ ಬರೂದಿಲ್ಲ.”

ಸರ್ ಅವರ ಮುಖದಲ್ಲಿ ಸಿಟ್ಟು ಹೋಗಿ ಒಂದು ಬಗೆಯ ಮರುಕ ಬಂತು. “ಎಣಿಸಾಕ ಬರಲಾರದವರ ಕೈಯಾಗ ಅಳತಿ ಕೆಲಸ ಯಾಕ ಕೊಟ್ರು?” ಎಂದರು.

ಕಾರಣ ತಿಳಿದದ್ದರಿಂದ ಕೆಲಸವೇನೂ ಆಗಲಿಲ್ಲ. ಪಾರ್ಟಿಶನ್ ಎಷ್ಟು ಬೇಕು ಎಂದು ಅದು ಕೇಳಿದಾಗ ಎಪ್ಪತ್ತಾರು ಸಾವಿರದ ಮುನ್ನೂರಾ ಹತ್ತೊಂಬತ್ತು ಎಂದು ಹೊಡೆದೆ. ಅಷ್ಟು ಜಾಗವಿಲ್ಲ ಎಂದಿತು. ಎಪ್ಪತ್ತು ಸಾವಿರ ಎಂದೆ, ಇಲ್ಲ ಎಂದಿತು. ಸಂತೆಯಲ್ಲಿ ಚೌಕಾಸಿ ಮಾಡುವವರ ಹಾಗೆ ಇಪ್ಪತ್ತು ಸಾವಿರದವರೆಗೆ ಇಳಿದೆ. ಆಗಲೂ ಇಲ್ಲ. ನಾನು ಸಿಟ್ಟಿನಿಂದ ಕುರ್ಚಿ ಹಿಂದೆ ಸರಿಸಿದೆ. ನನ್ನ ಜಾಗಕ್ಕೆ ಸರ್ ಬಾಗಿ, ಕನ್ನಡಕ ಮೇಲೆ ಮಾಡಿ, ಆ ಸಾಲನ್ನು ಮೊದಲಿನಿಂದ ಓದಿದರು.

“ಎಂಟರ್ ಪಾರ್ಟಿಶನ್ ಸೈಜ್ ಇನ್ ಎಂಬೈಟ್ಸ್... ಆರ್ ಪರ್ಸೆಂಟ್ ಆಫ್ ಡಿಸ್ಕ್ ಸ್ಪೇಸ್. ಬ್ರಾಕೆಟ್ಟಿನ್ಯಾಗ ಪರ್ಸೆಂಟಿನ ಗುರ್ತೂ ಹಾಕ್ಯಾರ.” ನನ್ನ ಕಡೆ ತಿರುಗಿದರು. “ಬಾಯಾರ, ಇಷ್ಟೊತ್ತೂ ಇದು ಇಲ್ಲೇ ಬರದೈತಿ. ನೀವು ಪೂರ್ತಿ ಓದೇ ಇಲ್ಲ.”

ಓದಿರಲಿಲ್ಲ. ‘ಎಂಬೈಟ್ಸ್’ವರೆಗೆ ಬಂದು ನಿಲ್ಲುತ್ತಿದ್ದೆ. ಮುಂದಿನದು ನನ್ನ ಲ್ಯಾಮಿನೇಶನ್ ಹಾಕಿದ ಸರ್ಟಿಫಿಕೇಟಿಗೆ ಗೊತ್ತಿರುವ ವಿಷಯ ಎಂಬ ಭಾವನೆ.

“ಎಣಿಕಿ ಬರೂದಿಲ್ಲಂದ್ರ ಎಣಿಸಂತ ಯಾಕ ಹೇಳ್ತೀರಿ? ನೂರಕ್ಕ ನೂರು ಕೊಡು ಅನ್ರಿ. ಅದಕ್ಕ ಎಣಿಕಿ ಬೇಕಾಗೂದಿಲ್ಲ. ಹೊಡೀರಿ. ಒಂದು, ಸೊನ್ನಿ, ಸೊನ್ನಿ. ಬಲಗೈ ಕಿರಿಬೆರಳು ಶಿಫ್ಟ್, ಎಡಗೈ ತೋರಬೆರಳು ಐದು.”

ಟೈಪಿಂಗ್ ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದರು. ನಾನೂ ವಿದ್ಯಾರ್ಥಿನಿಯ ಹಾಗೆ ಬೆರಳು ಇಟ್ಟು ಹೊಡೆದೆ. ಯಂತ್ರ ಒಂದು ಕ್ಷಣ ನಿಂತು, ಪಾರ್ಟಿಶನ್ ಆಯಿತು ಎಂದಿತು. ಎಷ್ಟರದು ಎಂದು ನೋಡಿದರೆ ಮತ್ತೆ ಅದೇ ಹತ್ತು ಸಾವಿರದ ಏಳುನೂರಾ ಎಂಬತ್ಮೂರು. ಅದರ ಪಕ್ಕದಲ್ಲಿ ಮಾತ್ರ ನೂರು ಪರ್ಸೆಂಟ್ ಎಂದು ಬಂದಿತ್ತು.

ಮುಂದಿನದು ಬರೀ ನಂಬಿಕೆಯ ಕೆಲಸವಾಯಿತು. ಫಾರ್ಮ್ಯಾಟ್ ಮಾಡಲು ಹಚ್ಚಿದಾಗಲೂ ಅದು ಹತ್ತು ಸಾವಿರ ಚಿಲ್ಲರೆಯನ್ನೇ ಹೇಳಿತು. ಸರ್ ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಪರದೆಯ ಮೇಲೆ ಒಂದು ಪರ್ಸೆಂಟ್ ಮುಗಿಯಲು ಎಷ್ಟು ಹೊತ್ತಾಗುತ್ತದೆ ಎಂದು ಕೈಗಡಿಯಾರ ಹಿಡಿದು ‘ಏಕ್, ದೋನ್’ ಶುರುಮಾಡಿದರು. ಚಾಚಾ ಕೆಳಗೆ ಹೋಗಿ ಒಂದು ಸ್ಕೂಟರಿನ ಕ್ಲಚ್ ವೈರ್ ಬದಲಿಸಿ ಮೇಲೆ ಬಂದರೂ ಅದು ಹದಿನೈದರ ಆಚೆ ಹೋಗಿರಲಿಲ್ಲ.

“ಹೆದರಬ್ಯಾಡ್ರಿ ಮಾಸ್ತರ್. ಹಳೇದು ನಾಕರದು ಎಷ್ಟೊತ್ತು ಹಿಡಿದಿತ್ತು?”

“ನಾಕೈದು ನಿಮಿಷ.”

“ಮತ್ತ? ಇದು ಹತ್ತರದಿದ್ರ ಈಗ ಮುಗೀಬೇಕಾಗಿತ್ತು. ಹೊತ್ತ ಹಿಡದಷ್ಟೂ ನಿಮಗ ಲಾಭ.”

ಅಲ್ಲಿಂದ ಮುಂದೆ ಸರ್ ಅವರಿಗೆ ಅದು ನಿಧಾನವಾದಷ್ಟೂ ಖುಷಿ. ನನಗೆ ದಾಂಡೇಲಿಯ ಬಸ್ಸು ತಪ್ಪುತ್ತಿತ್ತು. ಅರ್ಧಕ್ಕೇ ಬಿಟ್ಟು ಹೊರಟೆ. ನಾನು ಮೆಟ್ಟಿಲಿಳಿಯುವಾಗ ಹಿಂದೆ ಟೈಪ್‌ರೈಟರಿನ ಸದ್ದು ಕೇಳಿಸಿತು. ಮರುದಿನ ಬಂದು ನೋಡಿದರೆ ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಸಿತ್ತು. ಎರಡೂ ಬದಿ ಸರಿಯಾದ ಅಂಚು ಬಿಟ್ಟು ಟೈಪ್ ಮಾಡಿದ್ದರು: ‘ಕೆಲಸ ನಡೆದಿದೆ. ಮುಟ್ಟತಕ್ಕದ್ದಲ್ಲ. ಅಪ್ಪಣೆ ಮೇರೆಗೆ.’ ಆ ಹೊತ್ತಿಗೆ ಇನ್‌ಸ್ಟಿಟ್ಯೂಟಿನಲ್ಲಿ ಅವರೊಬ್ಬರೇ ಇದ್ದರು. ಯಾರಿಗೆ ಅಪ್ಪಣೆ ಕೊಟ್ಟಿದ್ದರೋ ತಿಳಿಯದು.

ಸಿಡಿಯಿಂದ ನೈಂಟಿಯೇಟ್ ಹಾಕುವುದು ಮಧ್ಯಾಹ್ನಕ್ಕೆ ಮುಗಿಯಿತು. ಡಿಸ್ಕಿನ ಗುರುತಿನ ಮೇಲೆ ಒತ್ತಿ ನೋಡಿದೆವು. ಎಪ್ಪತ್ನಾಲ್ಕೂವರೆ ಜಿಬಿ. ನಾನು ಚಪ್ಪಾಳೆ ತಟ್ಟಿದೆ. ಚಾಚಾ ಕೆಳಗಿನಿಂದಲೇ “ಆತೇನು?” ಎಂದು ಕೂಗಿದರು. ಸರ್ ಮಾತ್ರ ಕನ್ನಡಕ ಮೇಲೆ ಮಾಡಿ ಬಾಗಿದರು.

“ಉಳಿದ ಐದೂವರಿ?”

ಅಂಗಡಿಯವರು ಸಾವಿರಕ್ಕೆ ಒಂದರಂತೆ ಎಣಿಸುತ್ತಾರೆ, ಕಂಪ್ಯೂಟರ್ ಒಂದು ಸಾವಿರದ ಇಪ್ಪತ್ನಾಲ್ಕಕ್ಕೆ ಒಂದರಂತೆ ಎಣಿಸುತ್ತದೆ, ಅದಕ್ಕೇ ಈ ವ್ಯತ್ಯಾಸ ಎಂದು ನಾನು ಕಾಗದದ ಮೇಲೆ ಬರೆದು ತೋರಿಸಿದೆ. ಇದಾದರೂ ನನಗೆ ನಿಜವಾಗಿ ಗೊತ್ತಿದ್ದ ವಿಷಯ. ಸರ್ ಕಾಗದವನ್ನು ಪೂರ್ತಿ ಓದಿದರು.

“ಸಾವಿರ ಅಂದ್ರ ಸಾವಿರ ಬಾಯಾರ. ಇಪ್ಪತ್ನಾಕು ಎಲ್ಲಿಂದ ಬಂತು? ನಾ ಜಡ್ಜಮೆಂಟಿನ್ಯಾಗ ಸಾವಿರ ಅಂತ ಹೊಡದು, ಇಲ್ಲ ಸಾಹೇಬರ ಅದು ಸಾವಿರದ ಇಪ್ಪತ್ನಾಕು ಅಂದಿದ್ರ ನನ್ನ ನೌಕರಿ ಉಳೀತಿತ್ತೇನು?”

ಹುಬ್ಬಳ್ಳಿಯ ಅಂಗಡಿಗೆ ಎರಡು ಕಾರ್ಬನ್ ಪ್ರತಿಗಳೊಂದಿಗೆ ಪತ್ರವನ್ನೂ ಟೈಪ್ ಮಾಡಿದರು. ಕಳಿಸಬೇಡಿ ಎಂದು ನಾನು ಕೈ ಮುಗಿದೆ. ಕೊನೆಗೆ ಮೂರೂ ಪ್ರತಿಗಳನ್ನು ಫೈಲಿಗೆ ಸೇರಿಸಿದರು.

ಪರೀಕ್ಷೆ ಚೆನ್ನಾಗಿ ನಡೆಯಿತು. ಸ್ಪ್ರೆಡ್‌ಶೀಟಿನ ತಳ ಮುಟ್ಟಿದ್ದ ಜೋಯಿಡಾದ ಹುಡುಗಿ ಎಲ್ಲರಿಗಿಂತ ಮೊದಲು ಮುಗಿಸಿ, ಉಳಿದ ಹೊತ್ತು ಕಿಟಕಿಯಿಂದ ಚಾಚಾ ಅವರ ಗ್ಯಾರೇಜು ನೋಡುತ್ತ ಕೂತಿದ್ದಳು.

ಪರೀಕ್ಷೆ ಮುಗಿದ ಮರುದಿನ ನಾನು ಬಂದಾಗ ಸರ್ ಕಂಪ್ಯೂಟರ್ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಕ್ಲಾಸಿಗೆ ಇನ್ನೂ ಒಂದು ತಾಸು ಇತ್ತು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹೊಸ ನೋಟ್‌ಬುಕ್ಕು.

“ನನಗೂ ಕಲಸ್ರಿ. ಹುಡುಗೂರು ಬರೂದ್ರಾಗ ಮುಗಸೂಣು. ಅವರ ಮುಂದ ಬ್ಯಾಡ.”

ಮೊದಲ ದಿನ ನಾನು ಬ್ಯಾಕ್‌ಸ್ಪೇಸ್ ಗುಂಡಿ ತೋರಿಸಿ, ತಪ್ಪಾದರೆ ಇದನ್ನು ಒತ್ತಿದರೆ ಅಳಿಸಿಹೋಗುತ್ತದೆ ಎಂದೆ. ಸರ್ ಬೆರಳನ್ನು ಅದರ ಹತ್ತಿರ ಒಯ್ದು, ಹಿಂದೆ ತೆಗೆದುಕೊಂಡರು.

“ಗುರ್ತ ಉಳಿಯೂದಿಲ್ಲೇನು?”

“ಇಲ್ರಿ ಸರ್.”

“ತಪ್ಪ ಮಾಡಿದ್ದು ಯಾರಿಗೂ ಗೊತ್ತಾಗೂದಿಲ್ಲ?”

“ಇಲ್ರಿ.”

“ಹಂಗಾರ ಹುಡುಗೂರಿಗೆ ಇದನ್ನ ತೋರಸಬ್ಯಾಡ್ರಿ” ಎಂದು ನೋಟ್‌ಬುಕ್ ತೆರೆದು ಏನೋ ಬರೆದುಕೊಂಡರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಕೀಬೋರ್ಡಿನ ಮೇಲೆ ಎತ್ತಿ ಹಿಡಿದು ಒಂದು ಸಾಲು ಹೊಡೆದರು. ನಿಮಿಷಕ್ಕೆ ಅಷ್ಟು ಪದ ಹೊಡೆಯುವ ಬೆರಳುಗಳನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮೇಜು ನಡುಗಿತು. ಒಂದೂ ತಪ್ಪಿರಲಿಲ್ಲ. ಸಾಲು ಮುಗಿದ ಕೂಡಲೇ ಮೂವತ್ತು ವರ್ಷದ ಅಭ್ಯಾಸದ ಮೇಲೆ ಎಡಗೈ ತಾನಾಗಿ ಎದ್ದು, ಟೈಪ್‌ರೈಟರನ್ನು ಮುಂದಿನ ಸಾಲಿಗೆ ತಳ್ಳುವ ಹಿಡಿಯನ್ನು ಸರಿಸಲು ಗಾಳಿಯಲ್ಲಿ ಬೀಸಿತು. ಅಲ್ಲಿ ಹಿಡಿ ಇರಲಿಲ್ಲ. ನನ್ನ ಚಹಾದ ಲೋಟ ಇತ್ತು.